ಮಾತ್ರೆಯಿಂದ ತೊಂದರೆಯಾದರೆ ದೂರು ಎಲ್ಲಿ, ಹೇಗೆ?

ಮಾತ್ರೆ ತಗೊಂಡ ಮೇಲೆ ಮೈಯೆಲ್ಲ ದದ್ದು, ಮುಖ ಊದಿಕೊಂಡಿದೆ. ಇಂಥ ಹೊತ್ತಲ್ಲಿ ಮೊದಲು ವೈದ್ಯರ ಹತ್ತಿರ ಹೋಗಿ. ಉಸಿರಾಟಕ್ಕೆ ಕಷ್ಟವಾದರೆ 108ಕ್ಕೆ ಕರೆ ಮಾಡಿ. ಮನೆಯಲ್ಲಿ ಕುಡಿದ ಕಷಾಯ, ನಾಟಿ ಔಷಧಿಯ ವಿಷಯವನ್ನೂ ಮುಚ್ಚಿಡದೆ ಹೇಳಿ.

ಆಮೇಲೆ ಸ್ಟ್ರಿಪ್ ಹುಡುಕಿ. ಇದೇ ದೊಡ್ಡ ಸಾಕ್ಷಿ. ನಮ್ಮಲ್ಲಿ 'ನಾಲ್ಕೇ ಮಾತ್ರೆ ಸಾಕು' ಅನ್ನುವವರೇ ಜಾಸ್ತಿ. ಅಂಗಡಿಯವರು ಕತ್ತರಿಸಿ ಕೊಡುತ್ತಾರೆ, ಬ್ಯಾಚ್ ನಂಬರ್ ಇರುವ ತುಂಡು ಅಲ್ಲೇ ಉಳಿದುಬಿಡುತ್ತದೆ. ಅದಕ್ಕೇ ಪ್ರತಿ ಸಲ ಬಿಲ್ ಕೇಳಿ, ಅದರಲ್ಲಿ ಬ್ಯಾಚ್ ನಂಬರ್ ಬರೆದಿದೆಯಾ ನೋಡಿ. ಮಲೆನಾಡಿನ ಮಳೆಗಾಲದ ತೇವಕ್ಕೆ ಬಿಲ್ಲಿನ ಅಕ್ಷರ ಅಳಿಸಿಹೋಗುತ್ತದೆ. ಅವತ್ತೇ ಫೋಟೊ ತೆಗೆದಿಡಿ.

ಮೂರನೆಯದು, ಔಷಧಿಗಳ ಅಡ್ಡ ಪರಿಣಾಮ ದಾಖಲಿಸಿಕೊಳ್ಳುವ ಸರ್ಕಾರಿ ಸಹಾಯವಾಣಿ 1800-180-3024ಕ್ಕೆ ಫೋನ್ ಮಾಡಿ ವರದಿ ಕೊಡಿ. ಕರೆ ಉಚಿತ, ರೋಗಿಯೇ ಮಾತಾಡಬಹುದು. ಇದರಿಂದ ನಿಮ್ಮ ಕೈಗೆ ಪರಿಹಾರ ಬರುವುದಿಲ್ಲ, ನಿಜ. ಆದರೆ ಮುಟ್ಟಿನ ಹೊಟ್ಟೆನೋವಿಗೆ ಹೆಣ್ಣುಮಕ್ಕಳು ತಗೊಳ್ಳುವ ಮೆಫೆನಾಮಿಕ್ ಆಸಿಡ್ ಬಗ್ಗೆ 2023ರ ಕೊನೆಯಲ್ಲಿ ಎಚ್ಚರಿಕೆ ಹೊರಬಿದ್ದದ್ದು ಇಂಥ ವರದಿಗಳಿಂದಲೇ. ದಯವಿಟ್ಟು ಇದನ್ನು ಬಿಡಬೇಡಿ.

ಇನ್ನು ಕೇಸು. ಅಮೆರಿಕದಲ್ಲಿ ವಯಾಕ್ಸ್ ಎಂಬ ನೋವಿನ ಮಾತ್ರೆಯ ಸಾವಿರಾರು ಮೊಕದ್ದಮೆ ಮುಗಿಸಲು ಕಂಪನಿ 2007ರಲ್ಲಿ 485 ಕೋಟಿ ಡಾಲರ್ ಕೊಡಲು ಒಪ್ಪಿತು. ನಮ್ಮ ದೇಶದಲ್ಲಿ ಸಾಮಾನ್ಯರಿಗೆ ಹತ್ತಿರದ ದಾರಿ ಜಿಲ್ಲಾ ಗ್ರಾಹಕರ ಆಯೋಗ, ನಮ್ಮ ಕಡೆಯವರಿಗೆ ಶಿವಮೊಗ್ಗದ್ದು. ಅಡ್ಡ ಪರಿಣಾಮ ಆಯ್ತು ಅಂದ ಮಾತ್ರಕ್ಕೆ ಗೆಲುವಿಲ್ಲ. ಮಾತ್ರೆ ಕಳಪೆ, ಕಂಪನಿ ಅಪಾಯ ತಿಳಿಸಿರಲಿಲ್ಲ, ಅಥವಾ ಅಲರ್ಜಿ ಇದೆ ಅಂತ ಹೇಳಿದರೂ ವೈದ್ಯರು ಅದನ್ನೇ ಬರೆದರು. ಇವುಗಳಲ್ಲಿ ಒಂದನ್ನಾದರೂ ತೋರಿಸಬೇಕು. ತಜ್ಞ ವೈದ್ಯರ ಲಿಖಿತ ಅಭಿಪ್ರಾಯ ಇದ್ದರೆ ಕೇಸಿಗೆ ಬಲ. ಚಿಕಿತ್ಸೆಯ ದಾಖಲೆ ಕೇಳಿ ಆಸ್ಪತ್ರೆಗೆ ಅರ್ಜಿ ಬರೆದುಕೊಡಿ. ನಿಯಮದ ಪ್ರಕಾರ ಅವರು 72 ಗಂಟೆಯೊಳಗೆ ಅದನ್ನು ನಿಮಗೆ ಕೊಡಬೇಕು.

ಖರ್ಚಿನ ಲೆಕ್ಕವನ್ನೂ ಬರೆದಿಡಿ. ಮಣಿಪಾಲಕ್ಕೆ ಒಯ್ದ ಬಾಡಿಗೆ ಗಾಡಿ, ಅಲ್ಲಿನ ಬಿಲ್, ತಪ್ಪಿದ ಕೂಲಿ, ಎಲ್ಲ. ಅಡಿಕೆ ಮಾರಿದ ದುಡ್ಡು ಹೀಗೇ ಕರಗಿಹೋದ ಮನೆಗಳು ಕಡಿಮೆ ಇಲ್ಲ. ಅದನ್ನು ವಾಪಸ್ ಕೇಳುವುದು ತಪ್ಪೇನಲ್ಲ.

ಔಷಧಿ, ಚಿಕಿತ್ಸೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ದಾಟದಿದ್ದರೆ ಆಯೋಗದಲ್ಲಿ ಶುಲ್ಕವಿಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ. ಬೇಕಿದ್ದರೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ. ದೂರು ಕೊಡಲು ಇರುವ ಗಡುವು, ತೊಂದರೆಯಾದಾಗಿನಿಂದ 2 ವರ್ಷ.