ಮಂಡ್ಯದ ತಾರಸಿ, ಕೆನಡಾದ ಡ್ರಾಯಿಂಗು: ನನ್ನ ಅನುಭವ

ಮಂಡ್ಯದ ಹತ್ತಿರ ಹೆದ್ದಾರಿ ಪಕ್ಕದ ಹಳೇ ಗೋದಾಮೊಂದನ್ನು ತರಕಾರಿ ಇಡುವ ಕೋಲ್ಡ್ ಸ್ಟೋರೇಜ್ ಮಾಡಿಕೊಡಿ ಅಂತ ಗೌಡರು ಬಂದಾಗ, ಡ್ರಾಯಿಂಗ್ ಸಮೇತ ಬಂದಿದ್ದರು. ಅವರ ಅಳಿಯ ಕೆನಡಾದ ಎಡ್ಮಂಟನ್‌ನಲ್ಲಿ ದೊಡ್ಡ ಕಟ್ಟಡಗಳ ರೂಫಿಂಗ್ ಕೆಲಸದಲ್ಲಿದ್ದಾನೆ. ಅಲ್ಲಿಯ ಚಪ್ಪಟೆ ತಾರಸಿಯೊಂದರ ಸೆಕ್ಷನ್, ಅಂದರೆ ಪದರಗಳನ್ನು ಸೀಳಿ ತೋರಿಸುವ ನಕ್ಷೆ, ಕಳಿಸಿದ್ದ. "ಚಳಿ ದೇಸ್ದೋರು ಸಾ ಅವ್ರು. ಚಳಿ ವಿಸ್ಯ ಅವ್ರಿಗಿಂತ ನಮ್ಗೆ ಗೊತ್ತಾ? ಇದ್ನೇ ಇಳಿಸ್‌ಬುಡಿ" ಅಂದರು.

ಡ್ರಾಯಿಂಗ್ ಅಚ್ಚುಕಟ್ಟಾಗಿಯೇ ಇತ್ತು. ಕೆಳಗೆ ಉಕ್ಕಿನ ಡೆಕ್, ಅದರ ಮೇಲೆ ಆವಿ ತಡೆಯುವ ಹಾಳೆ, ಆಮೇಲೆ ಶಾಖ ತಡೆಯುವ ಇನ್ಸುಲೇಷನ್, ಎಲ್ಲಕ್ಕೂ ಮೇಲೆ ನೀರು ತಡೆಯಲು ಎರಡು ಪದರ ಎಸ್‌ಬಿಎಸ್ (ರಬ್ಬರಿನಂಥ ಪಾಲಿಮರ್ ಬೆರೆಸಿದ) ಬಿಟುಮಿನ್ ಮೆಂಬ್ರೇನ್. ಮಳೆನೀರಿನ ಪೈಪು ಕಟ್ಟಡದ ಒಳಗೇ ಇಳಿದಿತ್ತು. ಅಲ್ಲಿ ಹೊರಗೆ ಇಳಿಸಿದರೆ ನೀರು ಹೆಪ್ಪುಗಟ್ಟಿ ಪೈಪು ಕಟ್ಟಿಕೊಳ್ಳುತ್ತೆ, ಒಳಗಿದ್ದರೆ ಕಟ್ಟಡದ ಕಾವಿಗೆ ಹರಿಯುತ್ತೆ. ನಮಗೆ ಆ ಉಸಾಬರಿ ಬೇಡ. ಪೈಪು ಹೊರಗೋಡೆಯಲ್ಲೇ ಇರಲಿ, ಸೋರಿದರೆ ಕಣ್ಣಿಗಾದರೂ ಬೀಳುತ್ತೆ.

ನಾನು ಗೌಡರಿಗೆ ಹೇಳಿದ್ದು ಇಷ್ಟೇ: ಅಲ್ಲಿ ಚಳಿ ಹೊರಗಿದೆ, ನಿಮಗೆ ಚಳಿ ಒಳಗಿರಬೇಕು. ಗಾಳಿಯಲ್ಲಿರುವ ಆವಿ ಬೆಚ್ಚಗಿರುವ ಕಡೆಯಿಂದ ತಣ್ಣಗಿರುವ ಕಡೆಗೆ ನುಗ್ಗುತ್ತೆ. ಎಡ್ಮಂಟನ್ ಚಳಿಗಾಲದಲ್ಲಿ ಒಳಗೆ 21 ಡಿಗ್ರಿ, ಹೊರಗೆ ಮೈನಸ್ 20. ಆವಿ ಒಳಗಿನಿಂದ ಹೊರಕ್ಕೆ ಹೊರಡುತ್ತೆ, ಅದಕ್ಕೇ ಅವರ ಹಾಳೆ ಇನ್ಸುಲೇಷನ್ನಿನ ಒಳಮಗ್ಗುಲಲ್ಲಿದೆ. ನಮ್ಮಲ್ಲಿ ಸುತ್ತ ನಾಲೆ ಬಯಲು, ಗದ್ದೆ. ಕೋಣೆಯೊಳಗೆ 4 ಡಿಗ್ರಿ. ಆವಿ ನುಗ್ಗುವ ದಿಕ್ಕು ಪೂರ್ತಿ ತಿರುಗಿತು. 30 ಡಿಗ್ರಿಯಲ್ಲಿ ಶೇ. 70 ತೇವಾಂಶ ಇರುವ ಗಾಳಿ 24 ಡಿಗ್ರಿಗೆ ಇಳಿದರೆ ಸಾಕು, ನೀರು ಬಿಡಲು ಶುರುಮಾಡುತ್ತೆ. ಫ್ರಿಜ್ಜಿನಿಂದ ತೆಗೆದಿಟ್ಟ ತಂಬಿಗೆ ಬೆವರುತ್ತಲ್ಲ, ಹಾಗೆ. ಹಾಳೆ ತಪ್ಪು ಮಗ್ಗುಲಲ್ಲಿದ್ದರೆ ಆ ಬೆವರೆಲ್ಲ ಇನ್ಸುಲೇಷನ್ನಿನ ಒಳಗೇ ನಿಲ್ಲುತ್ತೆ. ಒಣಗಿದ ಪಿಯುಎಫ್‌ಗಿಂತ (ಪಾಲಿಯುರೆಥೇನ್ ಫೋಮ್ ಅನ್ನುವ ಇನ್ಸುಲೇಷನ್) ನೀರು ಸುಮಾರು 25 ಪಟ್ಟು ಹೆಚ್ಚು ಶಾಖ ದಾಟಿಸುತ್ತೆ. ಆಮೇಲೆ ಕಂಪ್ರೆಸರ್ ಹಗಲೂ ರಾತ್ರಿ ಓಡುತ್ತಿದ್ದರೂ ಕೋಣೆ ತಣಿಯಲ್ಲ.

"ಅಂಗಾರೆ ಮೋಲ್ಡಿನ ಕೆಳ್ಗೇ ಥರ್ಮಾಕೋಲ್ ಅಂಟಿಸಿ ಪ್ಲಾಸ್ಟಿಕ್ ಹೊಡುದ್ರೆ ಆಗಕಿಲ್ವಾ?" ಅಂದರು. ಅಗ್ಗದ ಕೆಲಸ ಅದು, ಬಹಳ ಕಡೆ ನೋಡಿದ್ದೇನೆ. ಅಲ್ಲೂ ಪ್ಲಾಸ್ಟಿಕ್ಕು ತಣ್ಣನೆ ಮಗ್ಗುಲಿಗೇ ಬರುತ್ತೆ. ಬೇಡ ಅಂದೆ. ಹಳೇ ತಾರಸಿಯನ್ನು ಬರೀ ಮಳೆ ಬಿಸಿಲು ತಡೆಯಲು ಇಟ್ಟುಕೊಂಡು, ಅದರ ಕೆಳಗೆ ಪಿಯುಎಫ್ ಪ್ಯಾನೆಲ್ಲಿನ (ಎರಡು ತಗಡಿನ ನಡುವೆ ಫೋಮ್ ತುಂಬಿದ ಹಲಗೆ) ಕೋಣೆಯನ್ನು ಬೇರೆಯೇ ಕಟ್ಟುವುದು ಅಂತ ತೀರ್ಮಾನವಾಯಿತು.

ತಾರಸಿಗೆ ವಾಟವೇ, ಅಂದರೆ ನೀರು ಹರಿಯುವ ಇಳಿಜಾರೇ, ಇರಲಿಲ್ಲ. ಮೇಸ್ತ್ರಿ ರೂಢಿಯಂತೆ ಇಟ್ಟಿಗೆ ಚೂರಿನ ಕೋಬಾ ಹಾಕಿಬಿಡೋಣ ಅಂದ. ತೂಕದ ಲೆಕ್ಕ ಹಾಕಿ ತೋರಿಸಿದೆ. ಅಗಲ 12 ಮೀಟರ್. ನೂರಕ್ಕೊಂದು ವಾಟ ಅಂದರೆ ಒಂದು ತುದಿಯಲ್ಲಿ 12 ಸೆಂಟಿಮೀಟರ್ ಏರಬೇಕು, ಜೊತೆಗೆ ತಗ್ಗಿನ ತುದಿಯ ಕನಿಷ್ಠ ದಪ್ಪ. ಸರಾಸರಿ ನೋಡಿದರೆ ಚದರ ಮೀಟರಿಗೆ 200 ಕಿಲೋ ಹತ್ತಿರ ಬರುತ್ತೆ. ಜನ ಓಡಾಡುವ ತಾರಸಿಗೆ ಕಟ್ಟಡದ ಕೋಡ್ ಹೇಳುವ ಲೈವ್ ಲೋಡೇ (ಜನ, ಸಾಮಾನಿನ ಭಾರ) ಚದರ ಮೀಟರಿಗೆ 150 ಕಿಲೋ. ಹಳೇ ಮೋಲ್ಡಿನ ಮೇಲೆ ಅಷ್ಟು ಹೇರಲು ನನಗೆ ಧೈರ್ಯವಿಲ್ಲ. ಹಾಗಾಗಿ ನೀರನ್ನು ಒಂದೇ ಕಡೆಗೆ ಓಡಿಸುವ ಬದಲು ನಡುವೆ ಏರು ಕೊಟ್ಟು ಎರಡೂ ಬದಿಗೆ ಇಳಿಸಿದೆ, ಏರು 6 ಸೆಂಟಿಮೀಟರಿಗೆ ಬಂತು. ಕೋಬಾ ಬದಲು ಗಾಳಿಗುಳ್ಳೆ ತುಂಬಿದ ಹಗುರ ಫೋಮ್ ಕಾಂಕ್ರೀಟ್, ಮೇಲೆ ತೆಳ್ಳಗೆ ಗಾರೆ. ಭಾರ ಅರ್ಧದಷ್ಟಾಯಿತು. ಕೆನಡಾದವರು ಹಿಮದ ಭಾರ ಲೆಕ್ಕ ಹಾಕುತ್ತಾರೆ. ನಮಗೆ ಹಿಮವಿಲ್ಲ, ಆದರೆ ಹೊಂಗೆ ಎಲೆ ಪೈಪಿನ ಬಾಯಿಗೆ ಕೂತು 10 ಸೆಂಟಿಮೀಟರ್ ನೀರು ನಿಂತರೆ ಚದರ ಮೀಟರಿಗೆ 100 ಕಿಲೋ! ಹಾಗಾಗಿ ನಾಲ್ಕಿಂಚಿನ ಪೈಪೊಂದಕ್ಕೆ 40 ಚದರ ಮೀಟರಿಗಿಂತ ಹೆಚ್ಚು ಜಾಗದ ನೀರು ಬರದಂತೆ ಹಂಚಿದೆ, ಪೈಪಿನ ಬಾಯಿಗೆಲ್ಲ ಗುಮ್ಮಟದಾಕಾರದ ಜಾಲರಿ ಕೂರಿಸಿದೆ. ಗಂಟೆಗೆ 100 ಮಿಲಿಮೀಟರ್ ಸುರಿದರೂ ತಡೆಯುತ್ತೆ.

ಮೆಂಬ್ರೇನ್ ವಿಷಯದಲ್ಲೂ ಅಳಿಯನ ಎಸ್‌ಬಿಎಸ್ ಕೈಬಿಟ್ಟೆ. ಕಡುಚಳಿಯಲ್ಲೂ ಬಿರಿಯದೆ ಬಾಗುವುದು ಅದರ ಗುಣ. ನಮ್ಮ ಏಪ್ರಿಲ್ ಬಿಸಿಲಿಗೆ ಮೆತ್ತಗಾಗದೆ ನಿಲ್ಲುವುದು ಎಪಿಪಿ, ಅಂದರೆ ಪ್ಲಾಸ್ಟಿಕ್ ಬೆರೆಸಿದ ಬಿಟುಮಿನ್ ಮೆಂಬ್ರೇನ್. 4 ಮಿಲಿಮೀಟರಿನದು ತರಿಸಿದೆ. ಹಾಸುವ ಮೊದಲು ಗಾರೆ ಒಣಗಿರಬೇಕು. ಮೇಸ್ತ್ರಿ ಅಂಗೈ ಇಟ್ಟು ನೋಡಿ "ಒಣಗದೆ ಸಾ" ಅಂತಾನೆ, ಅದನ್ನು ನಾನು ನಂಬಲ್ಲ. ಪಾಲಿಥಿನ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹೊಡೆದು ರಾತ್ರಿಯೆಲ್ಲ ಬಿಟ್ಟು, ಬೆಳಿಗ್ಗೆ ಅಡಿಯಲ್ಲಿ ಹನಿ ಕಂಡರೆ ಕೆಲಸ ಮುಂದಕ್ಕೆ ಹಾಕುವುದು. ಮೆಂಬ್ರೇನ್ ಹಾಳೆಗಳು ಒಂದರ ಮೇಲೊಂದು ಕೂರುವ ಜೋಡಣೆ ಪಕ್ಕದಲ್ಲಿ 10 ಸೆಂಟಿಮೀಟರ್, ತುದಿಯಲ್ಲಿ 15. ಪ್ಯಾರಾಪೆಟ್ ಬುಡದ ಮೂಲೆಯನ್ನು ಗಾರೆಯಿಂದ ಗುಂಡಗೆ ಮಾಡಿ, ಮೆಂಬ್ರೇನನ್ನು ಒಂದಡಿ ಮೇಲಕ್ಕೆಳೆದು ಗೋಡೆಯಲ್ಲಿ ಕೊರೆದ ಸೀಳಿನೊಳಗೆ ಸಿಕ್ಕಿಸಿ ಸೀಲ್ ಮಾಡಿಸಿದೆ. ತಾರಸಿ ಸೋರುವುದು ಬಹುಪಾಲು ಈ ಮೂಲೆಯಲ್ಲೇ, ಇಲ್ಲವೇ ಪೈಪಿನ ಬಾಯಲ್ಲಿ. ಬಯಲು ಜಾಗದಲ್ಲಿ ಸೋರುವುದು ಅಪರೂಪ. ನೀರು ಕಟ್ಟಿ ನೋಡಿದ ಮೇಲೆ ಬಿಳಿ ಕೋಟಿಂಗ್ ಹೊಡೆಸಿದೆ.

ಒಳಗಿನ ಕೋಣೆಗೆ 100 ಮಿಲಿಮೀಟರ್ ಪ್ಯಾನೆಲ್. ಅದರ ಚಾವಣಿಗೂ ಮೋಲ್ಡಿಗೂ ನಡುವೆ ಎರಡಡಿ ಬಿಟ್ಟು, ಎರಡೂ ತುದಿಗೆ ಜಾಲರಿ ಕಿಂಡಿ ಇಟ್ಟೆ. ಗಾಳಿಯಾಡುತ್ತಿದ್ದರೆ ಪ್ಯಾನೆಲ್ಲಿನ ಮೇಲ್ಮೈ ಹೊರಗಿನ ಬಿಸಿಗೆ ಸರಿಸುಮಾರು ಇರುತ್ತೆ, ಬೆವರುವುದಿಲ್ಲ. ಚಾವಣಿ ಪ್ಯಾನೆಲ್ಲನ್ನು ತೂಗುಹಾಕುವ ಕಬ್ಬಿಣದ ರಾಡು ಅದನ್ನು ತೂರಿ ಒಳಗೆ ಬರಬಾರದು, ಅದರ ಗುಂಟ ಶಾಖ ಇಳಿದು ಬರುತ್ತೆ. ಆ ಭಾಗಕ್ಕೆ ನೈಲಾನ್ ಬೋಲ್ಟ್. ಫಿಟ್ಟರುಗಳ ಜೊತೆ ಜಗಳವಾದದ್ದು ಸೀಲೆಂಟ್ ವಿಚಾರಕ್ಕೆ. ನಾಲ್ಕು ಜನಕ್ಕೆ ಕಾಣುವುದು ಒಳಮೈ ಅಂತ ಅಲ್ಲಿ ನೀಟಾಗಿ ಎಳೆದು, ಹೊರಮೈ ಹಾಗೇ ಬಿಟ್ಟಿದ್ದರು. ಪ್ಯಾನೆಲ್ಲಿನ ಹೊರ ತಗಡೇ ಇಲ್ಲಿ ಆವಿ ತಡೆಯುವ ಹಾಳೆ. ಅದರ ಜೋಡಣೆ ತೆರೆದಿದ್ದರೆ ಒಳಗೆಷ್ಟು ಬಳಿದರೂ ದಂಡ. ಚಾವಣಿ ಮೇಲಿನ ಆ ಎರಡಡಿ ಜಾಗದಲ್ಲಿ ಟಾರ್ಚ್ ಹಿಡಿದು ನಾನೇ ತೆವಳಿ ಒಂದೊಂದು ಜೋಡಣೆಯನ್ನೂ ನೋಡಿ ಬಂದೆ.

ಎಲ್ಲ ಮುಗಿದ ಮೇಲೆ ಗೌಡರು ಸೋಲಾರ್‌ನವರನ್ನು ಕರೆತಂದರು. ಅವರು ಡ್ರಿಲ್ ಮೆಷಿನ್ ಹಿಡಿದೇ ಮೆಟ್ಟಿಲು ಹತ್ತುತ್ತಿದ್ದರು. ಮೆಂಬ್ರೇನಿಗೆ ಒಂದು ತೂತೂ ಬೀಳಕೂಡದು, ಕಾಂಕ್ರೀಟ್ ದಿಮ್ಮಿಯ ಭಾರಕ್ಕೆ ಸ್ಟ್ಯಾಂಡ್ ನಿಲ್ಲಿಸಿ, ದಿಮ್ಮಿಯ ಕೆಳಗೆ ರಬ್ಬರ್ ಮ್ಯಾಟ್ ಹಾಕಿ ಅಂದೆ. ದಿಮ್ಮಿಯದೂ ತೂಕವೇ ತಾನೇ. ಮತ್ತೆ ಲೆಕ್ಕ ಹಾಕಿ, ಗೋಡೆ ತೊಲೆಗಳ ನೇರಕ್ಕೆ ಬರುವ ಸಾಲುಗಳಿಗಷ್ಟೇ ಒಪ್ಪಿಗೆ ಕೊಟ್ಟೆ.