ಕಾಲೇಜ್ ಫುಟ್‌ಬಾಲ್‌ನಲ್ಲಿ ಪಾಯಿಂಟ್ಸ್ ಟೇಬಲ್ ಹುಡುಕ್ಬೇಡಿ: ಕೊಲಂಬಸ್‌ಗೆ ಹೊಸದಾಗಿ ಬಂದೋರಿಗೆ

ಪ್ರತಿ ಆಗಸ್ಟ್‌ನಲ್ಲೂ ಇಲ್ಲಿಗೆ ಹೊಸಬರು ಬರ್ತಾರೆ, ಎಂಎಸ್ ಮಾಡೋಕೆ ಬಂದಿರೋ ಹುಡುಗ್ರು, ಕೆಲಸದ ಮೇಲೆ ಬಂದಿರೋ ಸಂಸಾರಸ್ಥರು, ಎಲ್ರೂ ಮನೆ ಎಲ್ಲಿ ನೋಡೋದು, ಮಕ್ಳಿಗೆ ಯಾವ ಸ್ಕೂಲು, ಸೋನಾ ಮಸೂರಿ ಎಲ್ಲಿ ಸಿಗತ್ತೆ ಅಂತ ಕೇಳ್ತಾರೆ, ಅದಕ್ಕೆಲ್ಲ ಉತ್ತರ ಹೇಳೋರು ಬೇಕಾದಷ್ಟು ಜನ ಇದಾರೆ. ಕಾಲೇಜ್ ಟೀಮಿನ ಅಮೆರಿಕನ್ ಫುಟ್‌ಬಾಲ್ ಮ್ಯಾಚ್ ಇದ್ರೆ ಶನಿವಾರ ಊರೆಲ್ಲ ಯಾಕೆ ಜಾತ್ರೆ ಆಗತ್ತೆ ಅಂತ ಮಾತ್ರ ಯಾರೂ ಹೇಳಲ್ಲ. ನನಗೂ ಯಾರೂ ಹೇಳಿರ್ಲಿಲ್ಲ. 2014ರ ಸೆಪ್ಟೆಂಬರ್, ಬಂದು ಒಂದು ತಿಂಗಳೂ ಆಗಿರ್ಲಿಲ್ಲ, ಸಂಜೆ ಸಾಮಾನು ತರೋಣ ಅಂತ ಲೇನ್ ಅವೆನ್ಯೂ ಕಡೆ ಕಾರ್ ತಗೊಂಡು ಹೋದೆ ನೋಡಿ, ಮೈಸೂರಿನ ಜಂಬೂಸವಾರಿ ದಿನ ಸಯ್ಯಾಜಿರಾವ್ ರೋಡಿಗೆ ಗಾಡಿ ನುಗ್ಗಿಸಿದ ಹಾಗಾಯ್ತು. ಒಂದು ಲಕ್ಷಕ್ಕೂ ಹೆಚ್ಚು ಜನ ಹಿಡಿಸೋ ಸ್ಟೇಡಿಯಂ ಅಲ್ಲೇ ಪಕ್ಕದಲ್ಲಿದೆ ಅಂತ ನನಗೇನು ಗೊತ್ತು. ಅವತ್ತು ಇಲ್ಲಿನ ಯೂನಿವರ್ಸಿಟಿ ಟೀಮು ಓಹಾಯೋ ಸ್ಟೇಟ್, ವರ್ಜೀನಿಯಾ ಟೆಕ್ ಕೈಲಿ 35-21 ಸೋತ್ರು, ಸೋಮವಾರ ಆಫೀಸಲ್ಲಿ ಸೂತಕದ ಮನೆ ವಾತಾವರಣ.

ಅದೇ ಟೀಮು ಜನವರಿಯಲ್ಲಿ ಚಾಂಪಿಯನ್ ಆಯ್ತು. ಹೇಗಾಯ್ತು ಅಂತ ಅರ್ಥ ಮಾಡ್ಕೊಳೋಕೆ ನನಗೆ ಎರಡು ಸೀಸನ್ ಬೇಕಾಯ್ತು, ನಿಮಗೆ ಅಷ್ಟು ಬೇಡ.

ಮೊದಲು ಐಪಿಎಲ್ ತಲೆ ಬದಿಗಿಡಿ. 2024ರ ಮೇ 18 ನೆನಪಿದೆಯಲ್ಲ, ಚೆನ್ನೈ ಮೇಲೆ ಆರ್‌ಸಿಬಿ 27 ರನ್‌ನಲ್ಲಿ ಗೆದ್ದು ಇಬ್ಬರಿಗೂ 14 ಪಾಯಿಂಟ್ ಆಗಿ ನೆಟ್ ರನ್‌ರೇಟ್ ಮೇಲೆ ನಾವು ಒಳಗೆ ಹೋಗಿದ್ದು, ಕೊನೇ ಓವರ್ ತನಕ ಎಷ್ಟು ರನ್ ಬೇಕು ಅಂತ ಮನೇಲಿ ಕೂತೋರಿಗೂ ಲೆಕ್ಕ ಗೊತ್ತಿತ್ತು. ಇಲ್ಲಿ ಆ ಲೆಕ್ಕ ಇಲ್ಲ. ದೊಡ್ಡ ಮಟ್ಟದಲ್ಲಿ ಆಡೋ ಟೀಮುಗಳೇ 2025ರಲ್ಲಿ 136 ಇದ್ವು, ಒಂದೊಂದಕ್ಕೆ ಲೀಗ್ ಮ್ಯಾಚು 12, ಹೆಚ್ಚಿನವರು ಒಬ್ಬರನ್ನೊಬ್ಬರು ನೋಡೋದೂ ಇಲ್ಲ. ಹಾಗಾಗಿ 13 ಜನರ ಕಮಿಟಿ ಒಂದು ಟೆಕ್ಸಾಸ್‌ನ ಗ್ರೇಪ್‌ವೈನ್ ಅನ್ನೋ ಊರಲ್ಲಿ ಹೋಟೆಲಲ್ಲಿ ಕೂತು ವೋಟ್ ಹಾಕಿ ಯಾರು ಆಡ್ಬೇಕು ಅಂತ ತೀರ್ಮಾನ ಮಾಡತ್ತೆ. ಹಳೇ ಕೋಚುಗಳು, ಹಳೇ ಆಟಗಾರರು, ಕಾಲೇಜುಗಳ ಕ್ರೀಡಾ ವಿಭಾಗದ ಮುಖ್ಯಸ್ಥರು ಅದರಲ್ಲಿರ್ತಾರೆ, ತಮ್ಮ ಕಾಲೇಜಿನ ಮಾತು ಬಂದಾಗ ಎದ್ದು ಹೊರಗೆ ಹೋಗ್ಬೇಕು. ನಮ್ಮ ಕಡೆ ರಾಜ್ಯ ತಂಡದ ಆಯ್ಕೆ ಆದಾಗ ಬಯ್ತೀವಲ್ಲ, ಅದೇ ಬೈಗುಳ ಇಲ್ಲಿ ಇಡೀ ಪ್ಲೇಆಫ್‌ಗೇ.

2014ರಲ್ಲಿ ಆದದ್ದೂ ಇದೇ. ಅದು ನಾಲ್ಕು ಟೀಮಿನ ಪ್ಲೇಆಫ್‌ನ ಮೊದಲ ವರ್ಷ. ಕೊನೇ ವಾರ ಟಿಸಿಯು ಅನ್ನೋ ಟೆಕ್ಸಾಸ್ ಕಾಲೇಜು ಮೂರನೇ ಜಾಗದಲ್ಲಿತ್ತು, 55-3ರಲ್ಲಿ ಗೆದ್ದಿತು, ಗೆದ್ದ ಮೇಲೆ ಆರನೇ ಜಾಗಕ್ಕೆ ಬಿತ್ತು! ನಮ್ಮೋರು ಅದೇ ದಿನ ಕಾನ್ಫರೆನ್ಸ್ (ಕೆಲವು ಕಾಲೇಜುಗಳು ಸೇರಿದ ಗುಂಪು) ಫೈನಲ್‌ನಲ್ಲಿ ವಿಸ್ಕಾನ್ಸಿನ್‌ಗೆ 59-0 ಬಾರಿಸಿ ನಾಲ್ಕನೇ ಸೀಟಲ್ಲಿ ತೂರಿಕೊಂಡ್ರು, ಆಮೇಲೆ ಮೂರನೇ ಆಯ್ಕೆಯ ಕ್ವಾರ್ಟರ್‌ಬ್ಯಾಕ್‌ನ (ಬಾಲ್ ಎಸೆದು ಆಟ ನಡೆಸೋನು) ಇಟ್ಕೊಂಡು ಅಲಬಾಮಾನ 42-35, ಆರೆಗಾನ್‌ನ 42-20 ಸೋಲಿಸಿಬಿಟ್ರು. ಟಿಸಿಯು ಕಡೆಯವರು ಇವತ್ತಿಗೂ ಮರೆತಿಲ್ಲ, ಮರೀಬೇಕು ಅಂತಾನೂ ಇಲ್ಲ ಬಿಡಿ. 2023ರಲ್ಲಿ ಇನ್ನೂ ಅನ್ಯಾಯ, ಫ್ಲೋರಿಡಾ ಸ್ಟೇಟ್ 13 ಆಡಿ 13 ಗೆದ್ದು ಕಾನ್ಫರೆನ್ಸ್ ಚಾಂಪಿಯನ್ ಆಗಿ ಕೂಡ ಹೊರಗೆ, ಕ್ವಾರ್ಟರ್‌ಬ್ಯಾಕ್ ಗಾಯ ಆಗಿದಾನೆ, ಇದು ಮೊದಲಿನ ಟೀಮ್ ಅಲ್ಲ ಅಂತ ಒಂದು ಸೋತಿದ್ದ ಅಲಬಾಮಾನ ತಗೊಂಡ್ರು. ಗೆಲ್ತಾ ಹೋದ್ರೆ ಸಾಕು ಅನ್ನೋ ನಂಬಿಕೆ ಬಿಟ್ಟಿದ್ದು ನಾನು ಅವತ್ತೇ.

2024ರಿಂದ ನಾಲ್ಕು ಹೋಗಿ ಹನ್ನೆರಡಾಯ್ತು. ರ‍್ಯಾಂಕಿಂಗ್‌ನಲ್ಲಿ ಮೇಲಿದ್ದ ಐದು ಕಾನ್ಫರೆನ್ಸ್ ಚಾಂಪಿಯನ್‌ಗಳಿಗೆ 2024, 2025ರಲ್ಲಿ ಸೀಟು ಗ್ಯಾರಂಟಿ ಇತ್ತು, ಮಿಕ್ಕ ಏಳು ಕಮಿಟಿ ಕೊಡೋದು. ಮೊದಲ ನಾಲ್ಕು ಸೀಡ್‌ಗೆ ಬೈ, ಅಂದ್ರೆ ಮೊದಲ ಸುತ್ತು ಆಡ್ಬೇಕಾಗಿಲ್ಲ. 5ರಿಂದ 8ನೇ ಸೀಡ್‌ನವರು ತಮ್ಮ ಸ್ವಂತ ಮೈದಾನದಲ್ಲೇ 9ರಿಂದ 12ನೇ ಸೀಡ್‌ನವರ ಜೊತೆ ಆಡ್ತಾರೆ, ಅಲ್ಲಿಂದ ಮುಂದೆ ರೋಸ್, ಶುಗರ್, ಆರೆಂಜ್, ಕಾಟನ್, ಪೀಚ್, ಫಿಯೆಸ್ಟಾ ಅನ್ನೋ ಆರು ಬೌಲ್‌ಗಳು (ಹೆಸರಾದ ದೊಡ್ಡ ಪಂದ್ಯಗಳು), ಜನವರಿಯಲ್ಲಿ ಫೈನಲ್. ಮೊದಲ ವರ್ಷ ಆ ನಾಲ್ಕು ಬೈ ಚಾಂಪಿಯನ್‌ಗಳಿಗೆ ಮಾತ್ರ ಅಂತಿತ್ತು, ಹಾಗಾಗಿ ಬಾಯ್ಸಿ ಸ್ಟೇಟ್‌ಗೆ 3, ಅರಿಜೋನಾ ಸ್ಟೇಟ್‌ಗೆ 4 ಸಿಕ್ಕಿ ದೊಡ್ಡೋರೆಲ್ಲ ಮುಖ ಗಂಟು ಹಾಕ್ಕೊಂಡ್ರು, 2025ಕ್ಕೆ ನಿಯಮ ಬದಲಾಗಿ ಕಮಿಟಿ ರ‍್ಯಾಂಕ್ ಏನೋ ಅದೇ ಸೀಡ್ ಆಯ್ತು. ಮುಂದೆ ಹದಿನಾರು ಮಾಡಿ, ಇಪ್ಪತ್ತನಾಲ್ಕು ಮಾಡಿ ಅಂತ ಎಳೆದಾಟ ನಡೀತಾನೇ ಇದೆ.

ಆದ್ರೆ ತಮಾಷೆ ನೋಡಿ, ಎಲ್ಲರೂ ಹಲ್ಲು ಕಚ್ಚಿ ಬೈಗೆ ಹೊಡೆದಾಡ್ತಾರೆ, ಮೊದಲ ಎರಡು ವರ್ಷದಲ್ಲಿ ಬೈ ಸಿಕ್ಕ ಎಂಟು ಟೀಮಲ್ಲಿ ಮುಂದಿನ ಮ್ಯಾಚ್ ಗೆದ್ದಿದ್ದು ಒಂದೇ ಒಂದು, 2025ರ ಇಂಡಿಯಾನಾ. ಮೂರು ವಾರಕ್ಕೂ ಹೆಚ್ಚು ಸುಮ್ನೆ ಕೂತು ತುಕ್ಕು ಹಿಡೀತಾರೆ ಅಂತ ಒಬ್ರು, ಎದುರಾಳಿನೇ ಜೋರಿತ್ತು ಅಂತ ಇನ್ನೊಬ್ರು. ನನ್ನ ಲೆಕ್ಕದಲ್ಲಿ ಎರಡೂ ಸ್ವಲ್ಪ ಸ್ವಲ್ಪ. 2024ರಲ್ಲಿ ನಮ್ಮೋರು 8ನೇ ಸೀಡ್, ಡಿಸೆಂಬರ್ 21ರ ರಾತ್ರಿ ಇಲ್ಲೇ ಕೊರೆಯೋ ಚಳೀಲಿ ಟೆನೆಸ್ಸಿಯನ್ನ 42-17 ಹೊಡೆದ್ರು, ಹನ್ನೊಂದೇ ದಿನಕ್ಕೆ ಹೊಸ ವರ್ಷದ ದಿನ ನಂಬರ್ ಒನ್ ಆರೆಗಾನ್‌ನ 41-21, ಕೊನೆಗೆ ಫೈನಲ್‌ನಲ್ಲಿ ನೋಟ್ರ ಡೇಮ್‌ನ 34-23. ಎರಡು ಮ್ಯಾಚ್ ಸೋತು ಚಾಂಪಿಯನ್. ಮುಂದಿನ ವರ್ಷ 2ನೇ ಸೀಡ್ ಅಂತ ಬೈ ತಗೊಂಡು ಕೂತ್ರು, ಮಯಾಮಿ ಬಂದು 24-14ರಲ್ಲಿ ಮನೆಗೆ ಕಳಿಸ್ತು. ಆ ವರ್ಷ ಗೆದ್ದಿದ್ದು ಇಂಡಿಯಾನಾ, 16ಕ್ಕೆ 16. ಆ ಟೀಮು ಈ ಆಟದ ಇತಿಹಾಸದಲ್ಲೇ ಅತಿ ಹೆಚ್ಚು ಸೋತವರ ಪಟ್ಟಿಯಲ್ಲಿತ್ತು ಅಂದ್ರೆ ನಂಬ್ತೀರಾ.

ಈಗ ಅಂಕಿ ಅಂಶದ ವಿಷಯ. ಟಿವಿಯಲ್ಲಿ ಮೊದಲು ತೋರ್ಸೋದು ಒಟ್ಟು ಗಜ, ಅಂದ್ರೆ ಓಡಿ, ಎಸೆದು ಬಾಲ್ ಮುಂದೆ ಒಯ್ದ ದೂರ. ಅದನ್ನ ನಂಬಿ ಮಾತಾಡಿದ್ರೆ ಪೇಚಿಗೆ ಸಿಗ್ತೀರಿ, ನಾನು ಸಿಕ್ಕಿದ್ದೆ. 2024ರ ಮಿಷಿಗನ್ ಮ್ಯಾಚ್ ತಗೊಳ್ಳಿ, ನಮ್ಮೋರು 252 ಗಜ, ಅವರು 234, ಅವರ ಪಾಸಿಂಗ್ (ಎಸೆದು ತಗೊಂಡಿದ್ದು) ಬರೀ 62 ಗಜ, ಆದ್ರೂ ಅವರೇ 13-10ರಲ್ಲಿ ಗೆದ್ರು. ಕೆಳಗೆ ನೋಡಿದ್ರೆ ವಿಷಯ ಗೊತ್ತಾಗತ್ತೆ: ಓಡಿ ತಗೊಂಡಿದ್ದು ಅವರು 172 ಗಜ, ನಾವು 77, ಮೇಲಿಂದ ನಾವು ಎರಡು ಫೀಲ್ಡ್ ಗೋಲ್ (ಕಂಬಗಳ ಮಧ್ಯೆ ಬಾಲ್ ಒದೆಯೋದು) ಹಾಳು ಮಾಡ್ಕೊಂಡ್ವಿ. ಅದಕ್ಕೇ ನಾನು ಮೊದಲು ನೋಡೋದು ಒಂದು ಪ್ಲೇಗೆ (ಕ್ರಿಕೆಟ್‌ನ ಒಂದು ಬಾಲ್ ಇದ್ದ ಹಾಗೆ) ಎಷ್ಟು ಗಜ, ಆಮೇಲೆ ಟರ್ನೋವರ್ ಲೆಕ್ಕ, ಅಂದ್ರೆ ನಾವು ಕಿತ್ಕೊಂಡಿದ್ದು ಎಷ್ಟು ಕಳ್ಕೊಂಡಿದ್ದು ಎಷ್ಟು, ಮತ್ತೆ ಥರ್ಡ್ ಡೌನ್‌ನಲ್ಲಿ ಎಷ್ಟು ಸಲ ದಾಟಿದ್ರು. ನಾಲ್ಕು ಸಲದಲ್ಲಿ ಹತ್ತು ಗಜ ಹೋಗ್ಬೇಕು, ಒಂದೊಂದು ಸಲಕ್ಕೂ ಡೌನ್ ಅಂತ ಹೆಸರು, ಮೂರನೇದು ತಪ್ಪಿದ್ರೆ ಹೆಚ್ಚಾಗಿ ಬಾಲ್ ಒದ್ದು ಕೊಟ್ಬಿಡ್ತಾರೆ, ಆಟದ ಜೀವ ಇರೋದೇ ಅಲ್ಲಿ.

ಸಕ್ಸೆಸ್ ರೇಟ್ ಅಂತ ಒಂದಿದೆ, ನನಗೆ ಬಹಳ ಇಷ್ಟ. ಮೊದಲ ಡೌನ್‌ನಲ್ಲಿ ಬೇಕಾದ ಗಜದ ಅರ್ಧ, ಎರಡನೇದರಲ್ಲಿ ಉಳಿದಿದ್ದರ 70 ಪರ್ಸೆಂಟ್, ಮೂರು ನಾಲ್ಕರಲ್ಲಿ ಪೂರ್ತಿ ಸಿಕ್ರೆ ಆ ಪ್ಲೇ ಪಾಸು, ಇಲ್ಲಾಂದ್ರೆ ಫೇಲು. ಸಿಂಗಲ್ಸ್ ತಗೊಂಡು ಸ್ಟ್ರೈಕ್ ತಿರುಗಿಸೋ ಬ್ಯಾಟ್ಸ್‌ಮನ್ ಇರ್ತಾನಲ್ಲ, ಅಂಥಾ ಟೀಮ್ ಯಾವುದು ಅಂತ ಇದರಲ್ಲಿ ಕಾಣತ್ತೆ. ಇನ್ನೊಂದು, ಎನ್‌ಎಫ್‌ಎಲ್ (ಇಲ್ಲಿನ ವೃತ್ತಿಪರ ಲೀಗ್) ನೋಡಿ ಬಂದೋರು ಎಡವೋ ಜಾಗ: ಕಾಲೇಜಲ್ಲಿ ಕ್ವಾರ್ಟರ್‌ಬ್ಯಾಕ್ ಸ್ಯಾಕ್ ಆದ್ರೆ, ಅಂದ್ರೆ ಬಾಲ್ ಎಸೆಯೋ ಮೊದಲೇ ಹಿಂದೆ ಕೆಡವಿದ್ರೆ, ಕಳ್ಕೊಂಡ ಗಜ ಓಟದ ಲೆಕ್ಕದಿಂದ ಕಳೀತಾರೆ. ಹುಡುಗ 40 ಗಜ ಓಡಿ ಸ್ಯಾಕ್‌ನಲ್ಲಿ 35 ಕಳ್ಕೊಂಡ್ರೆ ಸ್ಕೋರ್‌ಶೀಟಲ್ಲಿ 5. ಅವನಿಗೆ ಓಡೋಕೆ ಬರಲ್ಲ ಅಂತ ಹೇಳ್ಬಿಡ್ಬೇಡಿ.

ಸೆಪ್ಟೆಂಬರ್ ಅಂಕಿಗಳಿಗಂತೂ ಕಿಮ್ಮತ್ತು ಕೊಡ್ಬೇಡಿ. ದೊಡ್ಡ ಕಾಲೇಜುಗಳು ದುಡ್ಡು ಕೊಟ್ಟು ಸಣ್ಣ ಟೀಮ್‌ಗಳನ್ನ ಕರೆಸಿ ಚಚ್ತಾರೆ, ಅದಕ್ಕೆ ಕಪ್‌ಕೇಕ್ ಅಂತಾನೇ ಹೆಸರು, ಅದರಿಂದ ಆವರೇಜ್ ಎಲ್ಲಾ ಉಬ್ಬಿರತ್ತೆ. ಎದುರಾಳಿ ಯಾರು ಅಂತ ನೋಡಿ ತೂಗೋಕೆ ಅಂಕಿ ಅಂಶದ ಬರಹಗಾರ ಬಿಲ್ ಕಾನೆಲಿಯವರ ಎಸ್‌ಪಿ ಪ್ಲಸ್ ಅನ್ನೋ ರೇಟಿಂಗ್ ಇದೆ, ಇಎಸ್‌ಪಿಎನ್‌ನ ಎಫ್‌ಪಿಐ ಇದೆ, ಇವೆರಡೂ ಮುಂದೆ ಯಾರು ಗೆಲ್ಬಹುದು ಅಂತ ಹೇಳೋವು. ಸ್ಟ್ರೆಂತ್ ಆಫ್ ರೆಕಾರ್ಡ್ ಬೇರೆ, ಇದೇ ವೇಳಾಪಟ್ಟಿ ಕೊಟ್ರೆ ಒಂದು ಸಾಧಾರಣ ಟಾಪ್ 25 ಟೀಮ್ ಇಷ್ಟು ಗೆಲ್ತಿತ್ತಾ ಅಂತ ಕೇಳತ್ತೆ, ಅಂದ್ರೆ ಆಗಿಹೋಗಿದ್ದಕ್ಕೆ ಮಾರ್ಕು. ಕಮಿಟಿಯವರ ಬಾಯಲ್ಲೂ ಇದೇ ಮಾತು, ಯಾರನ್ನ ಸೋಲಿಸಿದ್ರಿ, ಯಾರ ಕೈಲಿ ಸೋತ್ರಿ. 2025ರಲ್ಲಿ ಎಸಿಸಿ ಅನ್ನೋ ದೊಡ್ಡ ಕಾನ್ಫರೆನ್ಸ್ ಗೆದ್ದ ಡ್ಯೂಕ್ ಐದು ಸೋತಿತ್ತು, ಅದನ್ನ ಬಿಟ್ಟು ಟುಲೇನ್, ಜೇಮ್ಸ್ ಮ್ಯಾಡಿಸನ್‌ಗೆ ಸೀಟು ಹೋಯ್ತು, 10-2 ಇದ್ದ ನೋಟ್ರ ಡೇಮ್ ಕೂಡ ಹೊರಗೆ. ಆ ಭಾನುವಾರ ಇಡೀ ದಿನ ಟಿವಿಯಲ್ಲಿ ಜಗಳ, ಪಂದ್ಯಕ್ಕಿಂತ ಚೆನ್ನಾಗಿತ್ತು.

ದಿನದ ವ್ಯವಹಾರಕ್ಕೆ ಬೇಕಾದ್ದು ಇಷ್ಟು. ನವೆಂಬರ್ ಶುರುವಿಂದ ಮಂಗಳವಾರ ಸಂಜೆ ರ‍್ಯಾಂಕಿಂಗ್ ಬರತ್ತೆ, ಬುಧವಾರ ಆಫೀಸಲ್ಲಿ ಅದೇ ಮಾತು. ಸ್ಟೇಡಿಯಂಗೆ ಒಳಗಿರೋದು ಹೊರಗೆ ಕಾಣೋ ಪ್ಲಾಸ್ಟಿಕ್ ಬ್ಯಾಗೇ ಒಯ್ಯಬೇಕು, ಚಿತ್ರಾನ್ನದ ಡಬ್ಬಿ ಪಾರ್ಕಿಂಗ್ ಜಾಗದ ಟೇಲ್‌ಗೇಟ್‌ನಲ್ಲೇ, ಅಂದ್ರೆ ಮ್ಯಾಚ್‌ಗೆ ಮುಂಚಿನ ಊಟದ ಪಾರ್ಟಿಯಲ್ಲೇ, ಖಾಲಿ ಮಾಡಿ (ನಾವು ಹಂಚಿದ ಮೇಲೆ ಪಕ್ಕದ ಟೆಂಟಿನವರು ಪ್ರತಿ ವರ್ಷ ಕೇಳ್ತಾರೆ). ನಮ್ಮ ಬದ್ಧ ಎದುರಾಳಿ ಮಿಷಿಗನ್ ಜೊತೆ ಮ್ಯಾಚ್ ಇರೋ ವಾರ ಅವರ ಬಣ್ಣದ ನೀಲಿ ಹಳದಿ ಅಂಗಿ ಬೇಡ, ನಾನು ಗೊತ್ತಿಲ್ದೆ ಹಾಕ್ಕೊಂಡು ಹೋಗಿ ಮಧ್ಯಾಹ್ನದ ತನಕ ಜಾಕೆಟ್ ಬಿಚ್ಚದೆ ಕೂತಿದ್ದೆ, ಆ ವಾರ ಕ್ಯಾಂಪಸ್ ಬೋರ್ಡುಗಳಲ್ಲಿ ಎಂ ಅಕ್ಷರಕ್ಕೇ ಕೆಂಪು ಟೇಪಲ್ಲಿ ಕಾಟು ಹೊಡೆದಿರ್ತಾರೆ. ರಾಜ್ಯೋತ್ಸವದ ತಾರೀಕು ಇಡೋ ಮೊದಲು ಮ್ಯಾಚ್ ಪಟ್ಟಿ ನೋಡಿ, ಒಂದು ವರ್ಷ ನೋಡದೆ ಇಟ್ಟು ನಾಡಗೀತೆ ನಡೀತಿರೋವಾಗ ಹಿಂದಿನ ಸಾಲಿಂದ ಟಚ್‌ಡೌನ್ ಅಂತ ಕೂಗಿದ್ದು ಕೇಳಿಸ್ತು. ಮತ್ತೆ ಅಂಗಡೀಲೋ ಏರ್‌ಪೋರ್ಟಲ್ಲೋ ಯಾರಾದ್ರೂ ಅಪರಿಚಿತರು ನಿಮ್ಮ ಕೆಂಪು ಟೋಪಿ ನೋಡಿ "ಓ-ಹೆಚ್" ಅಂತ ಕೂಗಿದ್ರೆ ಗಾಬರಿ ಆಗ್ಬೇಡಿ, OHIO ಪೂರ್ತಿ ಆಗೋ ಹಾಗೆ ಜೋರಾಗಿ "ಐ-ಓ" ಅನ್ನಿ.