ಪಾರ್ಕಿಂಗ್ ಜಾಗಕ್ಕೆ ಸ್ವಯಂಚಾಲಿತ ಗೇಟ್: ತುಮಕೂರಿನ ಕಟ್ಟಡಗಳಿಗೆ ಹೊಂದುವಂತೆ ಅಳವಡಿಸುವುದು ಹೇಗೆ?

ತುಮಕೂರಿನ ಬಿ.ಎಚ್. ರಸ್ತೆಯಂತಹ ದಟ್ಟಣೆಯ ರಸ್ತೆಗೆ ಮುಖಮಾಡಿರುವ ಆಸ್ಪತ್ರೆ, ಕಲ್ಯಾಣ ಮಂಟಪ ಅಥವಾ ವಾಣಿಜ್ಯ ಸಂಕೀರ್ಣದ ಪಾರ್ಕಿಂಗ್ ಬಾಗಿಲಲ್ಲಿ ಚೀಟಿ ಹರಿದು, ಚಿಲ್ಲರೆ ಎಣಿಸಿ ಒಂದು ವಾಹನವನ್ನು ಒಳಬಿಡಲು 20 ಸೆಕೆಂಡ್ ಹಿಡಿದರೆ, ಗಂಟೆಗೆ ಹೆಚ್ಚೆಂದರೆ 180 ವಾಹನಗಳು ದಾಟುತ್ತವೆ. ವಾಹನಕ್ಕೆ ಅಂಟಿಸಿದ ಟ್ಯಾಗ್ ಓದಿ ತಾನೇ ತೆರೆದುಕೊಳ್ಳುವ ಬೂಮ್ ಬ್ಯಾರಿಯರ್ (ಮೇಲೇಳುವ ಅಡ್ಡಕೋಲಿನ ಗೇಟ್) ಅದೇ ಕೆಲಸವನ್ನು 6 ಸೆಕೆಂಡಿನಲ್ಲಿ ಮುಗಿಸಿದರೆ ಈ ಲೆಕ್ಕ 600ಕ್ಕೆ ಏರುತ್ತದೆ. ಆದರೆ ವೇಗಕ್ಕಿಂತ ದೊಡ್ಡ ಲಾಭವೆಂದರೆ ದಾಖಲೆ. ಯಾವ ವಾಹನ ಎಷ್ಟು ಗಂಟೆಗೆ ಒಳಬಂದಿತು, ಈಗ ಎಷ್ಟು ಜಾಗ ಖಾಲಿಯಿದೆ, ದಿನದ ವಸೂಲಿ ಎಷ್ಟಾಗಬೇಕಿತ್ತು ಎಂಬುದೆಲ್ಲ ಯಾರ ನೆನಪನ್ನೂ ಅವಲಂಬಿಸದೆ ಸಿಗುತ್ತದೆ.

ಯಂತ್ರದ ಬೆಲೆ ವಿಚಾರಿಸುವ ಮೊದಲು ಅಳತೆಪಟ್ಟಿ ಹಿಡಿದು ಪ್ರವೇಶದ್ವಾರದ ಬಳಿ ನಿಲ್ಲಬೇಕು. ಬ್ಯಾರಿಯರನ್ನು ಕಾಂಪೌಂಡಿನ ಗೆರೆಯಲ್ಲೇ ನೆಟ್ಟರೆ ಸರದಿ ರಸ್ತೆಗೆ ಚಾಚಿಕೊಳ್ಳುತ್ತದೆ. ಒಂದು ಕಾರಿಗೆ, ನಡುವಿನ ಅಂತರವೂ ಸೇರಿ, ಸುಮಾರು 6 ಮೀಟರ್ ಬೇಕಾಗುವುದರಿಂದ ಮೂರು ಕಾರುಗಳಾದರೂ ಆವರಣದೊಳಗೆ ನಿಲ್ಲುವಂತೆ 18 ಮೀಟರ್ ಬಿಟ್ಟು ಗೇಟ್ ಹಾಕುವುದು ಉತ್ತಮ. ಅಷ್ಟು ಜಾಗವಿಲ್ಲದವರು ಶುಲ್ಕ ವಸೂಲಿಯನ್ನು ಹೊರಹೋಗುವ ಬಾಗಿಲಿಗೆ ವರ್ಗಾಯಿಸಿ, ಒಳಬರುವಾಗ ನೋಂದಣಿಯನ್ನಷ್ಟೇ ಮಾಡಿಕೊಳ್ಳಬಹುದು. ನೆಲಮಾಳಿಗೆಯ ಚಾವಣಿ ತಗ್ಗಾಗಿದ್ದರೆ ಮಡಚುವ ಕೋಲಿನ ಮಾದರಿಯನ್ನೇ ಕೇಳಬೇಕು.

ವಾಹನವನ್ನು ಗುರುತಿಸುವ ವಿಧಾನವನ್ನು ಆರಿಸುವಾಗ, ಕಾರುಗಳ ಗಾಜಿನ ಮೇಲೆ ಈಗಾಗಲೇ ಇರುವ ಫಾಸ್ಟ್ಯಾಗನ್ನು ಮೊದಲು ನೆನೆಯಬೇಕು. 2021ರ ಫೆಬ್ರವರಿಯಿಂದ ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗಳಲ್ಲಿ ಅದು ಕಡ್ಡಾಯವಾಗಿರುವುದರಿಂದ, ಬೆಂಗಳೂರಿಗೆ ಓಡಾಡುವ ತುಮಕೂರಿನ ಕಾರುಗಳಿಗೆ ಬೇರೆ ಟ್ಯಾಗ್ ಕೊಡುವ ಅಗತ್ಯ ಅಷ್ಟಾಗಿ ಬರುವುದಿಲ್ಲ. ಕೆಲವು ಮೀಟರ್ ದೂರದಿಂದಲೇ ರೀಡರ್ ಅದನ್ನು ಓದಬಲ್ಲದು. ಲೋಹದ ಅಂಶವಿರುವ ಫಿಲ್ಮ್ ಅಂಟಿಸಿದ ಗಾಜಿನ ಹಿಂದೆ ಮಾತ್ರ ಅದು ತಡವರಿಸುತ್ತದೆ. ನಂಬರ್ ಪ್ಲೇಟ್ ಓದುವ ಕ್ಯಾಮೆರಾ ಎರಡನೆಯ ದಾರಿ. 2019ರ ಏಪ್ರಿಲ್‌ನಿಂದ ಹೊಸ ವಾಹನಗಳಿಗೆ ಏಕರೂಪದ ಅಕ್ಷರಗಳ ಅತಿ ಸುರಕ್ಷಿತ ನೋಂದಣಿ ಫಲಕ ಬಂದ ಮೇಲೆ ಅದರ ಕೆಲಸ ಹಗುರವಾಗಿದೆ. ಆದರೂ ಕನ್ನಡ ಅಂಕಿಗಳಲ್ಲಿ ಬರೆಸಿದ ಹಳೆಯ ಫಲಕಗಳನ್ನೂ, ಕೆಸರು ಮೆತ್ತಿದ ಟ್ರಾಕ್ಟರ್ ಟ್ರೇಲರ್‌ಗಳನ್ನೂ ಎದುರಿಗೆ ನಿಲ್ಲಿಸಿ ಪರೀಕ್ಷಿಸದೆ ಮಾರಾಟಗಾರರ ಮಾತಿಗೆ ಒಪ್ಪಿಗೆ ಕೊಡಬಾರದು.

ನಮ್ಮ ಊರುಗಳಲ್ಲಿ ಈ ವ್ಯವಸ್ಥೆ ಎಡವುವುದು ಕಾರಿನಲ್ಲಲ್ಲ, ಬೈಕಿನಲ್ಲಿ. ಹೆದ್ದಾರಿ ಟೋಲ್‌ನಲ್ಲಿ ದ್ವಿಚಕ್ರ ವಾಹನಗಳಿಗೆ ಸುಂಕವಿಲ್ಲ, ಹಾಗಾಗಿ ಅವುಗಳಿಗೆ ಫಾಸ್ಟ್ಯಾಗ್ ಸಹ ಇಲ್ಲ. ಅವುಗಳ ನಂಬರ್ ಮುಂಗಡೆಯ ಕ್ಯಾಮೆರಾಕ್ಕೆ ಸರಿಯಾಗಿ ಕಾಣುವುದೂ ಇಲ್ಲ. ಕಾರಿನ ಹಿಂದೆಯೇ ನುಸುಳಿಬರುವ ಸ್ಕೂಟರ್ ಸವಾರನ ಹೆಲ್ಮೆಟ್ ಮೇಲೆ ಕೋಲು ಬೀಳುವ ಅಪಾಯವೂ ಇದೆ. ಆದ್ದರಿಂದ ಬೈಕುಗಳಿಗೆ ಕಾರು ತೂರದಷ್ಟು ಕಿರಿದಾದ ಪ್ರತ್ಯೇಕ ಹಾದಿ ಮಾಡಿ, ಅಲ್ಲಿ ಕಾರ್ಡ್ ಅಥವಾ ಕ್ಯೂಆರ್ ಚೀಟಿಯ ಏರ್ಪಾಡು ಇಡಬೇಕು. ಇದಕ್ಕೆ ಜಾಗವೇ ಇಲ್ಲವೆಂದಾದರೆ, ಬೈಕುಗಳ ಮಟ್ಟಿಗೆ ಕಾವಲುಗಾರರನ್ನು ಮುಂದುವರಿಸುವುದೇ ಲೇಸೆಂದು ನನ್ನ ಅಭಿಪ್ರಾಯ.

ಕೋಲಿನ ಕೆಳಗೆ ವಾಹನ ಇರುವುದನ್ನು ತಿಳಿಯಲು ನೆಲದೊಳಗೆ ಲೂಪ್ ಹೂಳುತ್ತಾರೆ. ಕಾಂಕ್ರೀಟಿನಲ್ಲಿ ಆಯತಾಕಾರದ ಸಣ್ಣ ಸೀಳು ಕೊರೆದು, ಅದರಲ್ಲಿ ತಂತಿಯನ್ನು ಮೂರು ನಾಲ್ಕು ಸುತ್ತು ಇಳಿಸಿ, ಮೇಲೆ ಎಪಾಕ್ಸಿ ಅಥವಾ ಬಿಟುಮಿನ್ ತುಂಬುತ್ತಾರೆ. ಲೋಹ ಮೇಲೆ ಬಂದಾಗ ತಂತಿಯ ಪ್ರೇರಕತೆ (ಇಂಡಕ್ಟೆನ್ಸ್) ಎಂಬ ವಿದ್ಯುತ್ ಗುಣ ಬದಲಾಗುತ್ತದೆ, ನಿಯಂತ್ರಕ ಅದನ್ನು ಗ್ರಹಿಸಿ ಕೋಲನ್ನು ತಡೆಯುತ್ತದೆ. ಕೆಲಸ ನಡೆಯುವಾಗ ಪಕ್ಕದಲ್ಲೇ ನಿಂತು, ಆಯತದ ಮೂಲೆಗಳನ್ನು ಓರೆಯಾಗಿ ಕತ್ತರಿಸಿದ್ದಾರೆಯೇ ಎಂದು ನೋಡಬೇಕು. ನೇರ ಮೂಲೆಯಲ್ಲಿ ತಂತಿಯ ಹೊದಿಕೆ ಸವೆದು, ಮೊದಲ ಮಳೆಗೇ ನೀರಿಳಿದು ಲೂಪ್ ಕೆಡಬಹುದು. ಬೈಕಿನಲ್ಲಿ ಲೋಹ ಕಡಿಮೆಯಾದ್ದರಿಂದ ಲೂಪನ್ನಷ್ಟೇ ನಂಬದೆ, ಜೊತೆಗೆ ಬೆಳಕಿನ ಕಿರಣದ ಸೆನ್ಸರ್ ಜೋಡಿಯನ್ನೂ ಹಾಕಿಸಬೇಕು.

ವಿದ್ಯುತ್ ಹೋದಾಗ ನಡೆಯಲು ಯುಪಿಎಸ್, ಸಿಡಿಲಿನ ಕಾಲಕ್ಕೆ ಒಳ್ಳೆಯ ಅರ್ತಿಂಗ್ ಮತ್ತು ವಿದ್ಯುತ್ ದಿಢೀರನೆ ಏರಿದಾಗ ಯಂತ್ರವನ್ನು ಕಾಯುವ ಸರ್ಜ್ ರಕ್ಷಕ ಇವು ಮೊದಲ ಅಂದಾಜುಪಟ್ಟಿಯಲ್ಲೇ ಇರಲಿ. ಬೆಂಕಿಯ ಅಲಾರಂ ಮೊಳಗಿದೊಡನೆ ಕೋಲು ತಾನಾಗಿ ಮೇಲೆದ್ದು ನಿಲ್ಲುವಂತೆ ಜೋಡಿಸಬೇಕು. ಆಸ್ಪತ್ರೆಯಾದರೆ ಆಂಬುಲೆನ್ಸ್‌ಗೆ ಪ್ರತ್ಯೇಕ ಗುಂಡಿ ಬೇಕು. ವಾಹನ ಸಂಖ್ಯೆ ಮತ್ತು ಚಿತ್ರಗಳು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರಬಹುದಾದ್ದರಿಂದ, ಅವನ್ನು ಎಷ್ಟು ದಿನ ಇಟ್ಟುಕೊಳ್ಳುವುದು, ಯಾರು ನೋಡಬಹುದು ಎಂಬುದನ್ನು ಮೊದಲೇ ಬರೆದಿಡಬೇಕು. ಕೈಯಿಂದ ಕೋಲು ಎತ್ತುವ ಬೀಗದ ಕೈಯನ್ನು ಕಚೇರಿಯ ಬೀರುವಿನಲ್ಲಿ ಇಡದೆ ರಾತ್ರಿ ಪಾಳಿಯ ಕಾವಲುಗಾರರ ಕೈಗೆ ಕೊಟ್ಟು, ಅದನ್ನು ಬಳಸುವ ಬಗೆಯನ್ನು ಅವರಿಂದಲೇ ಒಮ್ಮೆ ಮಾಡಿಸಿ ನೋಡಿದ ಮೇಲೆಯೇ ಗುತ್ತಿಗೆದಾರರಿಗೆ ಕೊನೆಯ ಕಂತು ಪಾವತಿಸಬೇಕು.